ಬುತ್ತಿ, ತಂಗುದಾಣ, ಹೆದ್ದಾರಿ

ಕಾರ್ತಿಕಮಾಸದಲ್ಲಿ ನೆಲ್ಲಿಯ ಮರದ ಬುಡದಲ್ಲಿ ಕುಳಿತು ಊಟಮಾಡತಕ್ಕ ಸಂಪ್ರದಾಯವು ಕನ್ನಡ ನಾಡಿನ ಮನೆತನಗಳಲ್ಲಿ ಬಹುಕಾಲದಿಂದ ನಡೆದುಬಂದಿರುವುದು. ಇದಕ್ಕೆ ವನಭೋಜನವೆಂದು ಹೆಸರು. ಧಾತ್ರೀವೃಕ್ಷದ ಪೂಜೆಯು ಅದರ ಧರ್ಮಾಂಶ. ಒಂದು ದಿನವಾದರೂ ಅಡಿಗೆಮನೆಯ ಹೊಗೆಯನ್ನು ಬಿಟ್ಟು, ಮಕ್ಕಳುಮರಿಗಳೊಡನೆ ಬಯಲ ಗಾಳಿಯಲ್ಲಿ ಉಂಡು ಬರುವುದು ಅದರ ಸುಖಾಂಶ. ಈಗ ರಜೆಯ ದಿನ ಬೆಂಗಳೂರಿನಿಂದ ಬೆಳಗ್ಗೆ ಹೊರಟು ಸಂಜೆಗೆ ಮರಳುವವರ ವಿಹಾರವು ನೋಡುವುದಕ್ಕೆ ಹೊಸದಾಗಿ ತೋರಿದರೂ ಅದರ ಬೇರು ವನಭೋಜನದಲ್ಲಿಯೂ ಜಾತ್ರೆಗಳಲ್ಲಿಯೂ ಉಂಟು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಎಂಬ ನಾಲ್ಕು ಸೀಮೆಗಳ ಚರಿತ್ರೆಯನ್ನು ಈ ದೃಷ್ಟಿಯಿಂದ ನೋಡಿದರೆ ಒಂದು ಸಂಗತಿಯು ಸ್ಪಷ್ಟವಾಗುವುದು. ಪ್ರಯಾಣಿಕನು ಎಲ್ಲಿ ನಿಂತನೋ ಅಲ್ಲಿಯೇ ಊಟವೂ, ಊಟವಿದ್ದಲ್ಲಿಯೇ ಊರೂ ಬೆಳೆದುವು.

ರೈಲು ಬರುವುದಕ್ಕೆ ಮುಂಚೆ ವಿನೋದಕ್ಕಾಗಿಯೇ ಪ್ರಯಾಣ ಮಾಡುವವರು ವಿರಳ, ದೇವರೇ ನೆಪ. ಮಾಗಡಿಯ ತಿರುಮಲೆಯಲ್ಲಿ ಚೈತ್ರದ ರಂಗನಾಥನ ತೇರು, ಸಾವನದುರ್ಗದ ತಪ್ಪಲಿನಲ್ಲಿ ವೀರಭದ್ರ ನರಸಿಂಹರ ದರ್ಶನ, ಚನ್ನಪಟ್ಟಣದ ಹಾದಿಯಲ್ಲಿ ಸಂಕ್ರಾಂತಿಯ ಸುಮಾರಿಗೆ ಕೂಡುವ ಕೆಂಗಲ್ ಆಂಜನೇಯನ ದನಗಳ ಜಾತ್ರೆ, ಕನಕಪುರದ ಕಡೆ ಕಬ್ಬಾಳಮ್ಮನ ಹರಕೆ. ಗಾಡಿಯಲ್ಲಿ ಹುಲ್ಲು ಹಾಸಿ, ಬುತ್ತಿ ಕಟ್ಟಿ ಹೊರಡುವರು. ಒಂದು ಮನೆಯವರದು ಪುಳಿಯೋಗರೆ ಮೊಸರನ್ನ. ಮತ್ತೊಂದು ಮನೆಯವರದು ರಾಗಿರೊಟ್ಟಿ, ಹುಚ್ಚೆಳ್ಳಿನ ಚಟ್ನಿ. ಹರಕೆಯವರು ಅಲ್ಲಿಯೇ ಮೂರು ಕಲ್ಲು ಹೂಡಿ ಅಡಿಗೆ ಮಾಡಿ ಬಳಗಕ್ಕೆ ಬಡಿಸುವುದೂ ಉಂಟು. ಅನ್ನವನ್ನು ಹಣಕ್ಕೆ ಕೊಳ್ಳುವುದು ಆಗ ಗೃಹಸ್ಥರಿಗೆ ಗೌರವದ ಮಾತಾಗಿರಲಿಲ್ಲ. ಊರಿನವರು ಅರವಟ್ಟಿಗೆಗಳನ್ನಿಟ್ಟು ನೀರುಮಜ್ಜಿಗೆ ಪಾನಕಗಳನ್ನು ಧರ್ಮಾರ್ಥವಾಗಿ ಕೊಡುವರು. ಬಂದವನು ಅತಿಥಿಯೇ ಹೊರತು ಗಿರಾಕಿಯಲ್ಲ.

ರಾಮನಗರದ ಪೇಟೆಯಾದರೋ ಹಾದಿಗಾಗಿಯೇ ಹುಟ್ಟಿದ್ದು. ಬೆಂಗಳೂರು ಮೈಸೂರುಗಳ ನಡುವಣ ಈ ಭಾಗವು ಬೆಟ್ಟಕಾಡುಗಳಿಂದ ತುಂಬಿ ದಾರಿಗರಿಗೆ ಭಯಂಕರವಾಗಿತ್ತು. ಆದಕಾರಣ ಹೆದ್ದಾರಿಯ ರಕ್ಷಣೆಗೆಂದು 1800ರಲ್ಲಿ ದಿವಾನ್ ಪೂರ್ಣಯ್ಯನವರು ಇಲ್ಲಿ ಪೇಟೆ ಕಟ್ಟಿಸಿ, ಮೈಸೂರಿನ ರೆಸಿಡೆಂಟರಾದ ಬ್ಯಾರಿ ಕ್ಲೋಸರ ಹೆಸರನ್ನು ಇಟ್ಟರು. ಕ್ಲೋಸ್‌ಪೇಟೆಯೆಂಬ ಆ ಹೆಸರನ್ನು ಊರು ಬಿಟ್ಟಿತಾದರೂ ಭೂಗರ್ಭಶಾಸ್ತ್ರಜ್ಞರು ಬಿಡಲಿಲ್ಲ. ಇಲ್ಲಿಯ ಬಂಡೆಗಳ ಜಾತಿಯನ್ನು ಕ್ಲೋಸ್‌ಪೇಟೆ ಗ್ರಾನೈಟ್ ಎಂದೇ ಇಂದಿಗೂ ಕರೆಯುತ್ತಾರೆ. ಗಾಡಿಗಳು ನಿಲ್ಲುವುದಕ್ಕೆ ನಿರ್ಭಯವಾದ ಸ್ಥಳವೊಂದು ಬೇಕಾಗಿದ್ದುದೇ ಈ ಪೇಟೆಯ ಜನ್ಮಕಾರಣ.

1882ರ ಹೊತ್ತಿಗೆ ಬೆಂಗಳೂರಿನಿಂದ ಮೈಸೂರಿಗೆ ಉಗಿಬಂಡಿ ಓಡಲಾರಂಭಿಸಿತು. ಬುತ್ತಿಯ ಗಂಟು ಸಡಿಲವಾದುದು ಆಮೇಲೆಯೇ. ಜಾತಿಮತಗಳ ಭೇದವಿಲ್ಲದೆ ಒಂದೇ ಡಬ್ಬಿಯಲ್ಲಿ ಕುಳಿತ ಜನರು ನಿಲ್ದಾಣದಲ್ಲಿ ಮಾರುವುದನ್ನು ಕೊಂಡು ತಿನ್ನುವುದನ್ನು ಕಲಿತರು. ಚನ್ನಪಟ್ಟಣವನ್ನು ದಾಟಿದರೆ ಸಿಕ್ಕುವ ಮದ್ದೂರಿನ ವಡೆಯೇ ಇದಕ್ಕೆ ನಿದರ್ಶನ. 1917ರಲ್ಲಿ ಒಂದು ದಿನ ಬಂಡಿಯು ವೇಳೆಗೆ ಮುಂಚೆ ಬಂದಿತೆಂದೂ, ನಿಲ್ದಾಣದಲ್ಲಿ ತಿಂಡಿ ಮಾರುತ್ತಿದ್ದ ರಾಮಚಂದ್ರ ಬುಧ್ಯರು ಪಕೋಡದ ಹಿಟ್ಟನ್ನು ತಟ್ಟಿ ಅಗಲಮಾಡಿ ಎಣ್ಣೆಗೆ ಬಿಟ್ಟರೆಂದೂ ಹೇಳುವರು. ರವೆ, ಅಕ್ಕಿಹಿಟ್ಟು, ಮೈದಾ, ಈರುಳ್ಳಿ, ಕರಿಬೇವು ಸೇರಿದ ಆ ಬಿಲ್ಲೆಯು ಬೇಗ ಬೇಯುವುದು, ಬೇಗ ಕೆಡದು, ಕೈಯಲ್ಲಿ ಹಿಡಿದು ಬಂಡಿಯಲ್ಲಿ ಕುಳಿತೇ ತಿನ್ನಬಹುದು. ರುಚಿಗಿಂತ ಮೊದಲು ಗಡಿಯಾರವೇ ಅದರ ಆಕಾರವನ್ನು ನಿರ್ಣಯಿಸಿತು.

ರೈಲಿನ ತರುವಾಯ ಮೋಟಾರು ಬಸ್ಸು ಅದೇ ಕೆಲಸವನ್ನು ರಸ್ತೆಯ ಮೇಲೆ ಮಾಡಿತು. ಬಿಡದಿಯ ತಟ್ಟೆ ಇಡ್ಲಿಯು ಇದರ ಫಲ. ಸಣ್ಣ ಇಡ್ಲಿಗಳನ್ನು ಎಣಿಸಿ ಬಡಿಸುವ ಬದಲು ಅಗಲವಾದ ತಟ್ಟೆಗಳಲ್ಲಿ ಹಿಟ್ಟನ್ನು ಹುಯ್ದು, ಒಂದರ ಮೇಲೊಂದನ್ನು ಅಡುಕಿ, ಒಮ್ಮೆಗೇ ಹಬೆಯಲ್ಲಿ ಬೇಯಿಸುವರು. ಮೇಲೊಂದು ಬೆಣ್ಣೆಯ ಮುದ್ದೆ, ಪಕ್ಕದಲ್ಲಿ ಚಟ್ನಿ. ಬಸ್ಸು ನಿಂತ ಅಲ್ಪಕಾಲದಲ್ಲಿ ಹೊಟ್ಟೆ ತುಂಬುವುದು. ಮುಂದೆ ಚನ್ನಪಟ್ಟಣದಲ್ಲಿ ಇಳಿದವರು ಮಕ್ಕಳಿಗೆಂದು ಆಲೆಮರವನ್ನು ಕಡೆದು ಬಣ್ಣದ ಅರಗನ್ನು ಹಚ್ಚಿದ ಬೊಂಬೆಗಳನ್ನು ಕೊಳ್ಳುವರು. ತಿಂಡಿಯ ಅಂಗಡಿ ಬೊಂಬೆಯ ಅಂಗಡಿಗಳೆರಡೂ ನಿಂತ ವಾಹನವನ್ನೇ ನಂಬಿದವು.

ಹೀಗೆ ದಾರಿ ಸುಲಭವಾದಂತೆ ದೇವರ ನೆಪವಿಲ್ಲದ ವಿಹಾರವೂ ಹೆಚ್ಚಿತು. ಚನ್ನಪಟ್ಟಣದ ಬಳಿ 1946ರಲ್ಲಿ ಕಟ್ಟಿದ ಕಣ್ವದ ಜಲಾಶಯ, ಮಾಗಡಿಯ ಕಡೆ ಅರ್ಕಾವತಿಗೆ ಕಟ್ಟಿದ ಮಂಚನಬೆಲೆ, ಕನಕಪುರದಾಚೆ ಅರ್ಕಾವತಿಯು ಕಾವೇರಿಯನ್ನು ಸೇರುವ ಸಂಗಮ, ಅದರ ಕೆಳಗೆ ಬಂಡೆಗಳ ನಡುವೆ ನದಿ ಇಕ್ಕಟ್ಟಾಗಿ ಹರಿಯುವ ಮೇಕೆದಾಟು, ಇವೆಲ್ಲ ನಗರದವರ ಭಾನುವಾರದ ಬೀಡುಗಳಾದವು. ಅಲ್ಲಿ ನೀರಿನ ಸೆಳೆತವನ್ನರಿಯದೆ ಇಳಿದು ಪ್ರಾಣ ನೀಗಿದವರೂ ಉಂಟು. 1975ರಲ್ಲಿ ತೆರೆಕಂಡ ‘ಶೋಲೆ’ ಚಿತ್ರದಿಂದ ರಾಮನಗರದ ಬಂಡೆಗಳು ದೇಶಕ್ಕೆಲ್ಲ ಪರಿಚಿತವಾದುವು. 1994ರಲ್ಲಿ ಎಚ್.ಎಲ್. ನಾಗೇಗೌಡರು ಹೆದ್ದಾರಿಯ ಮಗ್ಗುಲಲ್ಲಿ ಜಾನಪದ ಲೋಕವನ್ನು ತೆರೆದುದರಿಂದ, ಉಣ್ಣಲೆಂದು ನಿಂತವನು ಒರಳು ಬೀಸುವಕಲ್ಲು ನೇಗಿಲುಗಳನ್ನು ಕಂಡು, ತನ್ನ ಅಜ್ಜಿಯ ಮನೆಯನ್ನು ಸ್ಮರಿಸಿ ಹೋಗುವಂತಾಯಿತು. 2012ರಲ್ಲಿ ರಾಮದೇವರ ಬೆಟ್ಟವು ರಣಹದ್ದುಗಳ ಅಭಯಧಾಮವಾಯಿತು. ಜಟಾಯುವಿನ ಕುಲಕ್ಕೆ ರಾಮನ ಬೆಟ್ಟವೇ ಆಶ್ರಯವಾದುದು ಉಚಿತವೇ ಸರಿ.

2023ರ ಮಾರ್ಚಿಯಲ್ಲಿ ಬೆಂಗಳೂರು ಮೈಸೂರುಗಳ ನಡುವೆ 118 ಕಿಲೋಮೀಟರುಗಳ ಹೊಸ ಹೆದ್ದಾರಿಯು ಉದ್ಘಾಟನೆಯಾಯಿತು. ಅದು ಬಿಡದಿ, ರಾಮನಗರ, ಚನ್ನಪಟ್ಟಣಗಳನ್ನು ಹೊರಗಿನಿಂದಲೇ ಬಳಸಿಕೊಂಡು ಹೋಗುವುದು. ಮೂರು ಗಂಟೆಯ ಪ್ರಯಾಣವು ಒಂದೂವರೆ ಗಂಟೆಗೆ ಇಳಿದಿದೆ. ಆಸ್ಪತ್ರೆಗೆ ಧಾವಿಸುವ ರೋಗಿಗೂ, ಪೇಟೆಯ ಬೀದಿಯಲ್ಲಿ ಲಾರಿಗಳಿಗೆ ಹೆದರಿ ನಡೆಯುತ್ತಿದ್ದ ಶಾಲೆಯ ಮಕ್ಕಳಿಗೂ ಇದು ಉಪಕಾರವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಹಳೆಯ ರಸ್ತೆಯ ಹೋಟೆಲುಗಳಲ್ಲಿ ಎಲೆಗಳು ಕಡಮೆಯಾದುವು. ಬೊಂಬೆಯ ಅಂಗಡಿಗಳ ಮುಂದೆ ಕಾರುಗಳು ವಿರಳವಾದುವು. ನಿಲ್ಲದಿರುವುದನ್ನೇ ಗುರಿಯಾಗಿಟ್ಟುಕೊಂಡ ಹಾದಿಯು, ನಿಲ್ಲುವುದರಿಂದಲೇ ಬಾಳಿದವರನ್ನು ಬದಿಗೊತ್ತಿತು. ಬೊಂಬೆಗೆ 2005-06ರಲ್ಲಿ ಭೌಗೋಳಿಕ ಗುರುತಿನ ರಕ್ಷಣೆಯು ದೊರೆತಿದೆ. ಬೊಂಬೆ ಮಾರುವವನ ಅಂಗಡಿಯ ಮುಂದಣ ನಿಲುಗಡೆಗೆ ಅಂಥ ರಕ್ಷಣೆಯೊಂದೂ ಇಲ್ಲ.

2007ರಲ್ಲಿ ಈ ನಾಲ್ಕು ತಾಲ್ಲೂಕುಗಳು ಕೂಡಿ ಆದ ರಾಮನಗರ ಜಿಲ್ಲೆಯು 2025ರಲ್ಲಿ ಬೆಂಗಳೂರು ದಕ್ಷಿಣ ಜಿಲ್ಲೆಯೆಂದಾಯಿತು. ನಗರದಿಂದ ಹೊರಗೆ ಹೋಗಿ ಉಣ್ಣುತ್ತಿದ್ದ ಬಯಲಿಗೆ ನಗರದ ಹೆಸರೇ ಬಂದಂತಾಯಿತು. ಹೆಸರಿನಿಂದ ನೆಲದ ಬೆಲೆಯು ಏರಬಹುದು. ನೆಲ್ಲಿಯ ಮರವು ಉಳಿಯುವುದೇ ಎಂಬುದು ಬೇರೆ ಪ್ರಶ್ನೆ. ಸಾವಕಾಶವುಳ್ಳ ಗೃಹಸ್ಥರು ವರ್ಷಕ್ಕೊಮ್ಮೆಯಾದರೂ ಹೊಸ ಹೆದ್ದಾರಿಯಿಂದಿಳಿದು ಹಳೆಯ ಬೀದಿಯಲ್ಲಿ ಮಕ್ಕಳನ್ನು ಕರೆದೊಯ್ದು, ಬಿಡದಿಯಲ್ಲಿ ತಿಂಡಿ ತಿಂದು, ಚನ್ನಪಟ್ಟಣದಲ್ಲಿ ಒಂದು ಬುಗುರಿಯನ್ನು ಕೊಂಡು, ಉಂಡ ಎಲೆಯನ್ನು ಬಂಡೆಯ ಮೇಲೆ ಬಿಡದೆ ಹಿಂದಿರುಗಿದರೆ, ಅರವಟ್ಟಿಗೆಯನ್ನಿಟ್ಟಿದ್ದ ಹಿರಿಯರ ಋಣವು ಅಷ್ಟರಮಟ್ಟಿಗಾದರೂ ಸಂದಂತಾಗುವುದು.