ಕೃಷ್ಣಾ ತೀರದ ಇಂಗ್ಲಿಷು

ಇಂಗ್ಲಿಷ್ ನಿಘಂಟು ತೆರೆದು 'ಬಿಲ್' ಎಂಬ ಮಾತಿಗೆ ಅರ್ಥ ನೋಡಿದರೆ, ಸರಕು ಕೊಟ್ಟವನು ಕೊಂಡವನಿಗೆ ಕಳಿಸುವ ಲೆಕ್ಕದ ಚೀಟಿ ಎಂದಿರುತ್ತದೆ. ಹಣ ಬರಬೇಕಾದವನು ಬರೆದು, ಹಣ ಕೊಡಬೇಕಾದವನ ಕೈಗೆ ಇಡತಕ್ಕ ಕಾಗದ ಅದು. ಆದರೆ ಉಗಾರದ ಕಡೆಯ ಹೊಲದ ಬದುವಿನ ಮೇಲೆ ನಿಂತು ಕೇಳಿದರೆ ಅರ್ಥವೇ ಬೇರೆ. "ಬಿಲ್ಲ ಆತೇನ್ರಿ ಕಾಕಾ?" ಎಂದು ಒಬ್ಬರು ಕೇಳುತ್ತಾರೆ. "ಇನ್ನೂ ಎಲ್ಲೀದೋ ತಮ್ಮಾ, ಮುಂದಿನ ವಾರ ಅಂದಾರ" ಎಂದು ಇನ್ನೊಬ್ಬರು ನಿಟ್ಟುಸಿರು ಬಿಡುತ್ತಾರೆ. ಇಲ್ಲಿ ಬಿಲ್ಲು ಎಂದರೆ ಚೀಟಿಯಲ್ಲ, ಹಣವೇ. ಕಬ್ಬು ಕೊಟ್ಟ ರೈತ ಬಿಲ್ಲು ಬರೆಯುವುದಿಲ್ಲ. ಕೊಂಡ ಕಾರ್ಖಾನೆಯೇ ತೂಗಿ, ಬರೆದು, ಕಳೆಯಬೇಕಾದ್ದನ್ನು ಕಳೆದು, ತನಗೆ ಒದಗಿದ ದಿನ ಕೊಡುತ್ತದೆ. ಮಾತಿನ ಅರ್ಥ ಹೀಗೆ ತಲೆಕೆಳಗಾದದ್ದು ಹಳ್ಳಿಯವರಿಗೆ ಇಂಗ್ಲಿಷ್ ಬಾರದೆ ಅಲ್ಲ; ಇಲ್ಲಿ ವ್ಯವಹಾರವೇ ತಲೆಕೆಳಗಾಗಿದೆ. ಮಾತು ಅದಕ್ಕೆ ಸಾಕ್ಷಿ ನುಡಿಯುತ್ತಿದೆ, ಅಷ್ಟೆ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದೂ ಬೆಳಗಾವಿ ಜಿಲ್ಲೆಯ ಬಡಗಣ ತಾಲ್ಲೂಕುಗಳು. ಇವುಗಳಲ್ಲಿ ನಿಪ್ಪಾಣಿ, ಕಾಗವಾಡಗಳಿಗೆ ತಾಲ್ಲೂಕೆಂಬ ಪದವಿ ಬಂದದ್ದು ತೀರ ಈಚೆಗೆ. ಕನ್ನಡ ಮರಾಠಿಗಳೆರಡೂ ಒಂದೇ ಅಂಗಳದಲ್ಲಿ ಓಡಾಡುವ ಈ ಸೀಮೆಯಲ್ಲಿ ಮೂರನೆಯದಾಗಿ ಬಂದು ಕುಳಿತ ಇಂಗ್ಲಿಷ್ ಮಾತುಗಳ ಚರಿತ್ರೆ ಸ್ವಾರಸ್ಯವಾದದ್ದು. ನಮ್ಮ ನಿಘಂಟುಗಳು ದೊಡ್ಡವು. ವಿಲಿಯಂ ರೀವ್ ಇಂಗ್ಲಿಷ್-ಕನ್ನಡ ನಿಘಂಟು ಹೊರತಂದದ್ದು 1824ರಲ್ಲಿ. ಕಿಟ್ಟೆಲರ ಮಹಾಕೋಶ ಮಂಗಳೂರಿನಲ್ಲಿ ಅಚ್ಚಾದದ್ದು 1894ರಲ್ಲಿ. ಆದರೆ ನಿಘಂಟಿನಿಂದ ಇಂಗ್ಲಿಷ್ ಕಲಿತವರು ಪೇಟೆಯ ಕೆಲವರು ಮಾತ್ರ. ಉಳಿದವರು ಕಲಿತದ್ದು ಮೋಜಣಿಯ ಸರಪಳಿ, ರೈಲು, ತಂಬಾಕಿನ ವಖಾರು, ಸಕ್ಕರೆಯ ಕಾರ್ಖಾನೆ ಇವುಗಳಿಂದ.

'ಫ್ಯಾಕ್ಟರಿ' ಎಂಬ ಮಾತನ್ನೇ ನೋಡೋಣ. ಹದಿನೇಳನೆಯ ಶತಮಾನದಲ್ಲಿ ಇಂಗ್ಲಿಷರು ಕಾರವಾರದಲ್ಲಿಯೂ ರಾಜಾಪುರದಲ್ಲಿಯೂ ಫ್ಯಾಕ್ಟರಿ ಇಟ್ಟಿದ್ದರು. ಅಲ್ಲಿ ಯಂತ್ರವಿರಲಿಲ್ಲ, ಹೊಗೆಯ ಕೊಳವೆಯಿರಲಿಲ್ಲ, ಒಂದು ಮೊಳೆಯೂ ತಯಾರಾಗುತ್ತಿರಲಿಲ್ಲ. ಆಗಿನ ಇಂಗ್ಲಿಷಿನಲ್ಲಿ ಇನ್ನೊಬ್ಬನ ಪರವಾಗಿ ವ್ಯಾಪಾರ ನಡೆಸುವ ಗುಮಾಸ್ತನಿಗೆ 'ಫ್ಯಾಕ್ಟರ್' ಎಂದು ಹೆಸರು. ಅವನು ಉಳಿಯುವ, ಸರಕು ಕೂಡಿಡುವ ಮನೆಯೇ ಫ್ಯಾಕ್ಟರಿ. ನಮ್ಮವರು ಅದನ್ನು ಕೋಠಿ ಎಂದರು. ಅದೇ ಸರಿಯಾದ ಅನುವಾದ. ಆ ಕಾಲದ ಕಂಪನಿಯ ಕಾಗದಪತ್ರಗಳಲ್ಲಿ ಮೆಣಸಿನ ವ್ಯಾಪಾರದ ಮಾತು ಬಂದಾಗ ರಾಯಬಾಗದ ಹೆಸರು ಸುಳಿಯುತ್ತದೆ. 1638ರ ಸುಮಾರಿಗೆ ಹಿಂದೂಸ್ಥಾನದಲ್ಲಿದ್ದ ಮಾಂಡೆಲ್ಸ್ಲೊ ಎಂಬ ಜರ್ಮನ್ ಪ್ರವಾಸಿಯ ಗ್ರಂಥದಲ್ಲಿ, ಗೋವೆಯಿಂದ ವಿಜಾಪುರಕ್ಕೆ ಹೋಗುವ ದಾರಿಯ ಮೇಲೆ ಅಥಣಿ ಕಾಣಿಸಿಕೊಳ್ಳುತ್ತದೆ. ಅಂದರೆ ಈ ಊರುಗಳು ಫ್ಯಾಕ್ಟರಿಯವರ ಕಣ್ಣಿಗೆ ಬಿದ್ದು ಮುನ್ನೂರೈವತ್ತು ವರ್ಷಗಳ ಮೇಲಾಯಿತು. ಈ ನಡುವೆ ಇಂಗ್ಲೆಂಡಿನಲ್ಲಿ ಉಗಿಯಂತ್ರ ಬಂತು. ಕೊಳ್ಳುವ ಮನೆಯ ಹೆಸರು ತಯಾರಿಸುವ ಮನೆಗೆ ಹೋಯಿತು. ಆ ಹೊಸ ಅರ್ಥ ಹೊತ್ತುಕೊಂಡು ಫ್ಯಾಕ್ಟರಿ ಮತ್ತೆ ಕೃಷ್ಣೆಯ ದಂಡೆಗೆ ಬಂದದ್ದು ಉಗಾರ ಶುಗರ್ ವರ್ಕ್ಸ್ ರೂಪದಲ್ಲಿ, 1939ರಲ್ಲಿ. ಅದರ ಕಥೆಗೆ ಮುಂದೆ ಬರುತ್ತೇನೆ.

ಇಲ್ಲಿಯ ಜನ ಕಂಡ ಮೊದಮೊದಲ ಸರಕಾರಿ ಇಂಗ್ಲಿಷ್ ಮಾತುಗಳಲ್ಲಿ ಒಂದು 'ಲ್ಯಾಪ್ಸ್'. ನಿಪ್ಪಾಣಿಯ ಸಿದ್ಧೋಜಿರಾವ್ ನಿಂಬಾಳಕರ್ 1839ರಲ್ಲಿ ತೀರಿಕೊಂಡರು, ದತ್ತಕವನ್ನು ಕಂಪನಿ ಸರಕಾರ ಮನ್ನಿಸಲಿಲ್ಲ, ಸಂಸ್ಥಾನ ಮುಗಿಯಿತು. ಕಿತ್ತೂರಿನಲ್ಲಿ 1824ರಲ್ಲಿಯೇ ಇದೇ ದತ್ತಕದ ತಕರಾರು ಎದ್ದು, ಅದು ಯುದ್ಧದವರೆಗೆ ಹೋಗಿತ್ತು. ಡಾಲ್‌ಹೌಸಿ ಸಾಹೇಬರು ಗವರ್ನರ್ ಜನರಲ್ ಆಗಿ ಬಂದು ಇದನ್ನೊಂದು ಪ್ರಸಿದ್ಧ ಸಿದ್ಧಾಂತ ಮಾಡಿದ್ದು ಆಮೇಲೆ, 1848ರ ನಂತರ. ಲ್ಯಾಪ್ಸ್ ಎಂಬುದರ ಮೂಲ ಲ್ಯಾಟಿನ್. ಜಾರುವುದು, ಬೀಳುವುದು ಎಂದು ಅರ್ಥ. ಹಣ್ಣು ತಾನಾಗಿಯೇ ಬಿತ್ತು, ಮರವನ್ನು ಯಾರೂ ಅಲುಗಿಸಲಿಲ್ಲ ಎಂಬ ಹಾಗೆ! ನಮ್ಮ ಜನ ಇದನ್ನು 'ಖಾಲ್ಸಾ ಆಯಿತು' ಎಂದರು, ಸರಕಾರದ ವಶವಾಯಿತು ಎಂದು. ಯಾವ ಮಾತು ಪ್ರಾಮಾಣಿಕವೆಂದು ಓದುಗರೇ ನೋಡಿಕೊಳ್ಳಲಿ.

ಇನ್ನು 'ಎಕರೆ'. ಇದು ಇಂಗ್ಲಿಷ್ ಮಾತೆಂಬುದೇ ನಮಗೆ ಮರೆತುಹೋಗಿದೆ. ಸಂಸ್ಕೃತದ 'ಅಜ್ರ', ಲ್ಯಾಟಿನ್ನಿನ 'ಆಗೆರ್' ಇವಕ್ಕೆ ಇದು ಒಡಹುಟ್ಟು. ಬಯಲು, ಹೊಲ ಎಂದಷ್ಟೇ ಮೂಲದ ಅರ್ಥ. ಆಮೇಲೆ ಇಂಗ್ಲೆಂಡಿನ ರೈತರು ಒಂದು ನೇಗಿಲಿನ ಎತ್ತುಗಳು ಒಂದು ದಿನಕ್ಕೆ ಉಳುವಷ್ಟು ನೆಲವನ್ನು ಎಕರೆ ಎಂದರು. ನಮ್ಮ ಕಡೆಯ ಅಳತೆಯೂ ಇದೇ ಜಾಡಿನದು. ಕೂರಿಗೆಯಿಂದ ಒಂದು ದಿನ ಬಿತ್ತುವಷ್ಟು ನೆಲ 'ಒಂದು ಕೂರಿಗೆ ಹೊಲ'. ಎರೆನೆಲದಲ್ಲಿ ಅದರ ವಿಸ್ತಾರ ಒಂದಾದರೆ ಮಸಾರಿಯಲ್ಲಿ ಮತ್ತೊಂದು. ಎತ್ತಿನ ಕಸುವು, ಮಣ್ಣಿನ ಹದ, ಬಿತ್ತುವವನ ಕೈ ಎಲ್ಲವೂ ಆ ಅಳತೆಯ ಒಳಗೇ ಇದ್ದವು. ಎಕರೆ ಮಾತ್ರ ಸೀಮೆಯಿಂದ ಇಲ್ಲಿಗೆ ಬರುವ ಹೊತ್ತಿಗೆ ಎತ್ತುಗಳನ್ನು ಬಿಟ್ಟು ಬಂದಿತ್ತು. 1620ರಲ್ಲಿ ಎಡ್ಮಂಡ್ ಗಂಟರ್ ಎಂಬ ಗಣಿತಜ್ಞ ಅರವತ್ತಾರು ಅಡಿಯ ಸರಪಳಿಯೊಂದನ್ನು ಗೊತ್ತುಮಾಡಿದ್ದ. ಮುಂಬಯಿ ಇಲಾಖೆಯ ಮೋಜಣಿಗೆ ಅದರ ಅರ್ಧ, ಮೂವತ್ಮೂರು ಅಡಿಯ ಸರಪಳಿ, ಸಾಕಾಯಿತು. ಮೂವತ್ಮೂರು ಅಡಿ ಉದ್ದ, ಮೂವತ್ಮೂರು ಅಡಿ ಅಗಲ ಅಂದರೆ 1089 ಚದರ ಅಡಿ. ಇದು ಒಂದು ಗುಂಟೆ. ನಲವತ್ತು ಗುಂಟೆ ಕೂಡಿದರೆ 43,560 ಚದರ ಅಡಿ. ಇದು ಒಂದು ಎಕರೆ. ಒಂದಿಂಚು ಹೆಚ್ಚಿಲ್ಲ, ಕಡಿಮೆಯಿಲ್ಲ.

1840ರ ದಶಕದಲ್ಲಿ ವಿಂಗೇಟ್ ಸಾಹೇಬರ ಮೋಜಣಿಯವರು ಈ ಸರಪಳಿ ಹಿಡಿದು ದಕ್ಷಿಣ ಮರಾಠಾ ಸೀಮೆಯಲ್ಲಿ ಓಡಾಡಿದರು. ರಾಯಬಾಗ ಕೊಲ್ಲಾಪುರ ಸಂಸ್ಥಾನದ್ದು. ಅದರ ಲೆಕ್ಕ ಬೇರೆ. ಚಿಕ್ಕೋಡಿ, ಅಥಣಿಗಳು ಕಂಪನಿಯ ನೇರ ಆಳಿಕೆಯಲ್ಲಿದ್ದವು. ಆದರೆ ಸಾಹೇಬರಿಗೂ ಒಂದು ಸಂಗತಿ ಹೊಳೆದಿತ್ತು. ಎಕರೆ ಕುರುಡು, ಅದಕ್ಕೆ ಮಣ್ಣು ಕಾಣುವುದಿಲ್ಲ. ಆದ್ದರಿಂದ ಮಣ್ಣನ್ನು ಅಗೆದು ನೋಡಿ, ಒಳ್ಳೆಯದಕ್ಕೆ ಹದಿನಾರಾಣೆ, ಕಲ್ಲು ಸುಣ್ಣ ಬೆರೆತದ್ದಕ್ಕೆ ಅದಕ್ಕಿಂತ ಕಡಿಮೆ ಎಂದು ಆಣೆಯ ಲೆಕ್ಕದಲ್ಲಿ ತರಗತಿ ಕಟ್ಟಿದರು. ಇಂಗ್ಲಿಷಿನ ಎಕರೆಗೆ ಕಣ್ಣು ಕೊಟ್ಟದ್ದು ನಮ್ಮ ಆಣೆ. ಹೀಗೆ ಕಟ್ಟಿದ ಆಕಾರ ಮೂವತ್ತು ವರ್ಷ ಕದಲುತ್ತಿರಲಿಲ್ಲ. ಮಳೆ ಹೋದ ವರ್ಷವೂ ಎಕರೆ ಎಕರೆಯೇ!

ರೈಲಿನ ಮಾತುಗಳು ಬಹಳ. ಒಂದನ್ನು ಮಾತ್ರ ಹೇಳುತ್ತೇನೆ. 1880ರ ದಶಕದ ಕೊನೆಗೆ ಸದರ್ನ್ ಮರಾಠಾ ರೈಲ್ವೆಯವರು ಮಿರಜ, ಬೆಳಗಾವಿಗಳ ನಡುವೆ ಹಳಿ ಹಾಕಿದಾಗ ಶೇಡಬಾಳ, ಉಗಾರ, ಕುಡಚಿ, ಚಿಂಚಲಿಗಳಿಗೆ ಗಾಡಿ ಬಂತು. ಅಥಣಿಗೆ ಬರಲಿಲ್ಲ. ಚಿಕ್ಕೋಡಿಗೂ ಬರಲಿಲ್ಲ, ಆದರೆ ಚಿಕ್ಕೋಡಿಗೆ ಒಂದು ಸಮಾಧಾನದ ಬಹುಮಾನ ದೊರೆಯಿತು. ಊರಿನಿಂದ ಹಲವು ಮೈಲಿ ದೂರದ ನಿಲ್ದಾಣವೊಂದಕ್ಕೆ 'ಚಿಕ್ಕೋಡಿ ರೋಡ್' ಎಂದು ಹೆಸರಿಟ್ಟರು. ರೈಲ್ವೆಯ ಭಾಷೆಯಲ್ಲಿ ಊರಿನ ಹೆಸರಿನ ಮುಂದೆ ರೋಡ್ ಎಂದಿದ್ದರೆ, ಇದು ಆ ಊರಲ್ಲ, ಇಲ್ಲಿಂದ ರಸ್ತೆ ಹಿಡಿದು ಹೋಗಬೇಕು ಎಂದು ಅರ್ಥ. ಹೊಸಬರು ಹೆಸರು ನೋಡಿ ಇಳಿದು ಊರೆಲ್ಲಿ ಎಂದು ಹುಡುಕುವುದು ಸಹಜ. ವ್ಯುತ್ಪತ್ತಿ ಬಲ್ಲವರಿಗೆ ಇದು ತಮಾಷೆ. ಹಳೆಯ ಇಂಗ್ಲಿಷಿನಲ್ಲಿ ರೋಡ್ ಎಂದರೆ ದಾರಿಯಲ್ಲ, ಕುದುರೆಯ ಸವಾರಿ. ದಾರಿ ಎಂಬ ಅರ್ಥ ಬಹಳ ತಡವಾಗಿ ಬಂದದ್ದು. ಚಿಕ್ಕೋಡಿ ರೋಡಿನಲ್ಲಿ ಇಳಿದು ಟಾಂಗಾ ಹುಡುಕಿದ ಹಳೆಯ ಕಾಲದ ಪ್ರಯಾಣಿಕ ಆ ಮೂಲಾರ್ಥವನ್ನೇ ಪಾಲಿಸುತ್ತಿದ್ದ.

ನಿಪ್ಪಾಣಿಯ ತಂಬಾಕು ಬೀಡಿಯ ತಂಬಾಕು. ಆ ಊರಿಗೆ 'ಎಕ್ಸೈಜ್' ಎಂಬ ಮಾತು ಬಂದದ್ದು 1943ರಲ್ಲಿ, ಮಹಾಯುದ್ಧದ ಖರ್ಚಿಗೆ ಹಣ ಬೇಕಾಗಿ ತಂಬಾಕಿನ ಎಲೆಯ ಮೇಲೆ ಸರಕಾರ ಸುಂಕ ಹೇರಿದಾಗ. ಎಷ್ಟು ಹೊಲಕ್ಕೆ ಹಚ್ಚಿದೆ, ಎಷ್ಟು ತೂಕ ಬಂತು, ಯಾವ ವಖಾರಿಗೆ ಹೋಯಿತು ಎಲ್ಲಕ್ಕೂ ಲೆಕ್ಕ. ಬೆಳೆದವನು ತನ್ನ ಬೆಳೆಯನ್ನು ಸಾಗಿಸಲು ಪರವಾನಿಗೆ. ಇಂಗ್ಲಿಷರು ಈ ಮಾತನ್ನು ಪಡೆದದ್ದು ಡಚ್ಚರಿಂದ. ಅವರ ದೇಶದಲ್ಲಿಯೂ ಇದಕ್ಕೆ ಒಳ್ಳೆಯ ಹೆಸರಿರಲಿಲ್ಲ. ಡಾಕ್ಟರ್ ಜಾನ್ಸನ್ 1755ರ ತನ್ನ ಪ್ರಸಿದ್ಧ ನಿಘಂಟಿನಲ್ಲಿ ಅರ್ಥ ಹೇಳುವ ಬದಲು ಬೈದೇಬಿಟ್ಟ. ಇದು ಹೇಸಿಗೆಯ ತೆರಿಗೆ, ವಸೂಲಿಗೆ ಬರುವವರು ಬಾಡಿಗೆಯ ನೀಚರು ಎಂಬ ಧಾಟಿಯಲ್ಲಿ ಬರೆದ. ಸುಂಕದ ಕಮಿಷನರುಗಳು ಸಿಟ್ಟಾಗಿ, ಇದು ಮಾನನಷ್ಟವಾಗುತ್ತದೆಯೇ ಎಂದು ಅಟಾರ್ನಿ ಜನರಲ್ ಮರೆಯವರನ್ನು ಕೇಳಿದರು. ಆಗುತ್ತದೆ ಎಂದೇ ಅವರ ಅಭಿಪ್ರಾಯ. ಆದರೂ ಖಟ್ಲೆ ಮಾತ್ರ ನಡೆಯಲಿಲ್ಲ. ಜಾನ್ಸನ್ನನ ತಂದೆ ಪುಸ್ತಕ ಮಾರುವುದರ ಜೊತೆಗೆ ಚರ್ಮ ಹದಮಾಡುವ ಉದ್ಯೋಗವನ್ನೂ ಇಟ್ಟುಕೊಂಡು, ಆ ಚರ್ಮದ ಸುಂಕದ ಅಧಿಕಾರಿಗಳಿಂದ ತೊಂದರೆಗೊಳಗಾಗಿದ್ದ. ನಿಘಂಟಿನ ಅರ್ಥವೂ ಕೆಲವೊಮ್ಮೆ ಮನೆಯ ಸಂಕಟದಿಂದಲೇ ಬರುತ್ತದೆ. ಜಾನ್ಸನ್ ನಿಪ್ಪಾಣಿಯಲ್ಲಿ ಹುಟ್ಟಿದ್ದರೆ ಊರೆಲ್ಲ ಅವನನ್ನು ಮೆರವಣಿಗೆ ಮಾಡುತ್ತಿತ್ತು.

ಎಲೆಯ ಮೇಲಿನ ಆ ಸುಂಕ 1979ರಲ್ಲಿ ಹೋಯಿತು. ದರದ ತಂಟೆ ಹೋಗಲಿಲ್ಲ. 1981ರ ಮಾರ್ಚ್ ತಿಂಗಳಲ್ಲಿ ಶರದ್ ಜೋಶಿಯವರ ಮುಂದಾಳುತನದಲ್ಲಿ ತಂಬಾಕು ಬೆಳೆಗಾರರು ಪುಣೆ-ಬೆಂಗಳೂರು ಹೆದ್ದಾರಿಯ ಮೇಲೆ ಕುಳಿತರು. ಮೂರು ವಾರ ಕುಳಿತೇ ಇದ್ದರು. ಏಪ್ರಿಲ್ 6ರಂದು ಪೋಲೀಸರ ಗುಂಡಿಗೆ ರೈತರು ಬಲಿಯಾದರು.

ಈಗ ಸಕ್ಕರೆಗೆ ಬರೋಣ. 'ಶುಗರ್' ಎಂಬ ಮಾತು ನಮ್ಮ 'ಶರ್ಕರಾ' ಎಂಬುದೇ. ಅರಬರ ಬಾಯಿಯಲ್ಲಿ ಹಾದು ಯೂರೋಪಿಗೆ ಹೋದದ್ದು. ಬೆಲ್ಲಕ್ಕೆ ಇಂಗ್ಲಿಷರು ಹೇಳುವ 'ಜಾಗರಿ' ಕೂಡ ಅದೇ ಶರ್ಕರೆಯ ದಕ್ಷಿಣದ ರೂಪ, ಪೋರ್ತುಗೀಜರು ಕೊಂಡೊಯ್ದದ್ದು. ನಮ್ಮ ಮಾತು ಸೀಮೆಗೆ ಹೋಗಿ, ಸೂಟು ತೊಟ್ಟು, ಉಗಾರದ ಕಾರ್ಖಾನೆಯ ಬಾಗಿಲ ಮೇಲೆ ಹಲಗೆಯಾಗಿ ಮರಳಿತು. ಉಗಾರದ ತರುವಾಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿಗಳಲ್ಲಿ ಸಹಕಾರಿ ಕಾರ್ಖಾನೆಗಳು ಎದ್ದವು. ಅವುಗಳೊಡನೆ ಒಂದು ಹೊಸ ಇಂಗ್ಲಿಷೇ ಬೆಳೆಯಿತು.

'ಸೀಜನ್' ಎಂದರೆ ಇಲ್ಲಿ ಕಬ್ಬು ನುರಿಸುವ ಹಂಗಾಮು, ಕಡಿದು ಸಾಗಿಸುವ ಕಾಲ. ಲ್ಯಾಟಿನ್ ಮೂಲದಲ್ಲಿ ಅದರ ಅರ್ಥ ಬಿತ್ತನೆ! ಬಿತ್ತುವ ಮಾತು ಕೊಯ್ಲಿಗೆ ಬಂದು ನಿಂತಿದೆ. 'ಟನ್' ಎಂಬುದು ಮೊದಲು ದ್ರಾಕ್ಷಾರಸದ ದೊಡ್ಡ ಪೀಪಾಯಿ. ಆಮೇಲೆ ಆ ಪೀಪಾಯಿಯ ತೂಕ. ಈಗ ಸಾವಿರ ಕಿಲೋ. ತೂಗುವ ಕಾಟಾದ ಮೇಲೆ ಗಾಡಿ ನಿಂತಾಗ ಆ ಸಾವಿರ ಕಿಲೋ ನಿಜವಾಗಿ ಸಾವಿರವೇ ಎಂದು ರೈತನ ಮನಸ್ಸಿನಲ್ಲಿ ಏಳುವ ಸಂಶಯಕ್ಕೆ ಯಾವ ನಿಘಂಟಿನಲ್ಲಿಯೂ ಮಾತಿಲ್ಲ. ಬೆಂಗಳೂರಿನ ಪತ್ರಿಕೆಯಲ್ಲಿ 'ಗ್ಯಾಂಗ್' ಎಂದು ಓದಿದರೆ ದರೋಡೆಕೋರರು ಕಣ್ಮುಂದೆ ಬರುತ್ತಾರೆ. ಅಥಣಿಯಲ್ಲಿ "ಗ್ಯಾಂಗ ಬಂತು" ಎಂದರೆ ಮನೆಮಂದಿಗೆಲ್ಲ ಸಂತೋಷ. ಮಹಾರಾಷ್ಟ್ರದ ಬೀಡ ಜಿಲ್ಲೆಯ ಕಡೆಯಿಂದ ಗಂಡ, ಹೆಂಡತಿ, ಮಕ್ಕಳು, ಎತ್ತು ಸಮೇತ ಬರುವ ಕಬ್ಬು ಕಡಿಯುವವರ ತಂಡ ಅದು. ಮುಕಾದಮನಿಂದ ಮುಂಗಡ ಪಡೆದು ಬಂದು, ಹೊಲದಂಚಿನ ಗುಡಿಸಲಿನಲ್ಲಿ ತಿಂಗಳುಗಟ್ಟಲೆ ಇದ್ದು, ಸೀಜನ್ ಮುಗಿದ ಕೂಡಲೆ ಹೊರಟುಹೋಗುತ್ತಾರೆ. ಗ್ಯಾಂಗ್ ಎಂಬುದಕ್ಕೆ ಹಳೆಯ ಇಂಗ್ಲಿಷಿನಲ್ಲಿದ್ದ ಮೊದಲ ಅರ್ಥ 'ಹೋಗುವುದು', 'ನಡಿಗೆ'. ಈ ಜನರ ಪಾಲಿಗೆ ಆ ಅರ್ಥ ಇನ್ನೂ ಸವೆದಿಲ್ಲ.

ಮೊದಲು ಹೇಳಿದ ಬಿಲ್ಲಿನ ಮಾತೊಂದು ಉಳಿದಿದೆ. ಲ್ಯಾಟಿನ್ನಿನ 'ಬುಲ್ಲಾ' ಎಂದರೆ ಮುದ್ರೆಯ ಗುಂಡು. ಮುದ್ರೆ ಬಿದ್ದ ಕಾಗದ ಬಿಲ್ಲಾಯಿತು. ಮುದ್ರೆ ಬಿದ್ದ ಮೇಲೆ ಮಾತು ತಪ್ಪುವಂತಿಲ್ಲ ಎಂಬುದು ಅದರ ಒಳಗಿನ ಭಾವ. 1966ರ ಕಬ್ಬು ನಿಯಂತ್ರಣ ಆಜ್ಞೆ ಕೂಡ ಹಾಗೆಯೇ ಹೇಳುತ್ತದೆ. ಕಬ್ಬು ಒಪ್ಪಿಸಿದ ಹದಿನಾಲ್ಕು ದಿನಗಳೊಳಗೆ ಹಣ ಸಲ್ಲಬೇಕು. ತಡವಾದರೆ ವರ್ಷಕ್ಕೆ ನೂರಕ್ಕೆ ಹದಿನೈದರಂತೆ ಬಡ್ಡಿ. ಆ ಬಡ್ಡಿಯನ್ನು ಕೈಯಲ್ಲಿ ಹಿಡಿದು ನೋಡಿದ ರೈತರು ವಿರಳ. 2013ರ ನವೆಂಬರಿನಲ್ಲಿ, ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ ನಡೆದಿದ್ದಾಗ, ಕಬ್ಬಿನ ದರಕ್ಕಾಗಿ ಹೊರಗೆ ಧರಣಿ ಕುಳಿತವರ ನಡುವೆ ರಾಯಬಾಗ ತಾಲ್ಲೂಕಿನ ರೈತರೊಬ್ಬರು ವಿಷ ಕುಡಿದು ಪ್ರಾಣ ಬಿಟ್ಟರು.

ಈ ತಾಲ್ಲೂಕುಗಳಲ್ಲಿ ಬಿಲ್ಲು ಒಂಟಿಯಾಗಿ ಓಡಾಡುವುದು ಅಪರೂಪ. ಅದರ ಜೊತೆಗೆ ಇನ್ನೊಂದು ಮಾತು ಅಂಟಿಕೊಂಡೇ ಬರುತ್ತದೆ: 'ಬಿಲ್ಲ ಬಾಕಿ'. ಮೊದಲನೆಯದು ಲ್ಯಾಟಿನ್ನಿನಿಂದ ಇಂಗ್ಲಿಷಿಗೆ ಬಂದು ಇಲ್ಲಿಗಿಳಿದದ್ದು, ಎರಡನೆಯದು ಅರಬಿ. ಎರಡೂ ಕೂಡಿ ಅಥಣಿಯ ಕನ್ನಡವಾಗಿವೆ. ಯಾರೂ ಅರ್ಥ ಕೇಳುವುದಿಲ್ಲ.