ಹುಮನಾಬಾದಿನ ಡಿಶ್ ಯಾವ ಕಡೆ ಮುಖ ಮಾಡಿದೆ?

ಇವತ್ತು ನಮ್ಮ ಮಾಳಿಗೆ ಮೇಲಿನ ಡಿಶ್ ಬಗ್ಗೆ ಮಾತಾಡೋಣ. ಹುಮನಾಬಾದಿನಲ್ಲಿ ಡಿಡಿ ಫ್ರೀ ಡಿಶ್ ಇರೋ ಮನೆಗಳನ್ನ ಗಮನಿಸಿ: ಎಲ್ಲಾ ಡಿಶ್‌ಗಳೂ ಆಗ್ನೇಯಕ್ಕೇ ಮುಖ ಮಾಡಿವೆ. ಯಾಕೆ ಆ ಕಡೆಗೇ?

ಐವತ್ತು ವರ್ಷದ ಹಿಂದೆ ನಮ್ಮ ಸೀಮೆಯ ಡಿಶ್‌ಗಳು ಪಶ್ಚಿಮಕ್ಕೆ ನೋಡ್ತಿದ್ದವು. 1975ರ ಆಗಸ್ಟ್ 1ರಂದು ಇಸ್ರೋ ಮತ್ತು ನಾಸಾ ಸೇರಿ 'ಸೈಟ್' ಅನ್ನೋ ಪ್ರಯೋಗ ಶುರು ಮಾಡಿದವು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಉಪಗ್ರಹದಿಂದ ನೇರವಾಗಿ ಟಿವಿ. ಬೆಳಿಗ್ಗೆ ಮಕ್ಕಳಿಗೆ ಪಾಠ, ಸಂಜೆ ದೊಡ್ಡವರಿಗೆ ಬೇಸಾಯ, ಆರೋಗ್ಯದ ಕಾರ್ಯಕ್ರಮ. ಕರ್ನಾಟಕದಲ್ಲಿ ಆಯ್ಕೆಯಾಗಿದ್ದು ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳು. ಹುಮನಾಬಾದ್ ಬೀದರ್ ಜಿಲ್ಲೆಯದು, ಪಟ್ಟಿಯಲ್ಲಿ ಇರಲಿಲ್ಲ. ಪಕ್ಕದ ಜಿಲ್ಲೆಗೆ ಟಿವಿ ಬಂತು, ನಮಗೆ ಬರಲಿಲ್ಲ.

ಆ ಡಿಶ್ ಹತ್ತು ಅಡಿ ಅಗಲ. ಕೋಳಿಗೂಡಿಗೆ ಹಾಕ್ತಾರಲ್ಲ, ಅಂಥದೇ ತಂತಿ ಜಾಲರಿಯಿಂದ ಮಾಡಿದ್ದು. ತೂತುಗಳಿದ್ರೂ ಹೇಗೆ ನಡೀತು? ಅದು ಹಿಡೀತಿದ್ದ ಅಲೆಯ ಉದ್ದ ಸುಮಾರು 35 ಸೆಂಟಿಮೀಟರ್. ಅಷ್ಟು ದೊಡ್ಡ ಅಲೆಗೆ ಸಣ್ಣ ತೂತಿನ ಜಾಲರಿಯೂ ಗಟ್ಟಿ ತಗಡಿನ ಹಾಗೇ. ದಿಕ್ಕು ಎರಡು ಮೂರು ಡಿಗ್ರಿ ಆಚೀಚೆ ಆದ್ರೂ ಚಿತ್ರ ಬರ್ತಿತ್ತು.

ಉಪಗ್ರಹದ ಹೆಸರು ಎಟಿಎಸ್-6. ಅಮೆರಿಕದ್ದು, ನಮಗೆ ಒಂದು ವರ್ಷಕ್ಕೆ ಮಾತ್ರ ಎರವಲು. ಪೂರ್ವ ರೇಖಾಂಶ 35 ಡಿಗ್ರಿಯ ಮೇಲೆ, ಅಂದ್ರೆ ಆಫ್ರಿಕಾದ ನೆತ್ತಿಯ ಮೇಲೆ ನಿಂತಿತ್ತು. 1976ರ ಜುಲೈ 31ಕ್ಕೆ ಅವಧಿ ಮುಗೀತು, ನಾಸಾ ಅದನ್ನ ವಾಪಸ್ ತಗೊಂಡು ಹೋಯ್ತು. ಹಳ್ಳಿಯ ಡಿಶ್ ಕೆಟ್ಟಿರಲಿಲ್ಲ, ದಿಕ್ಕೂ ತಪ್ಪಿರಲಿಲ್ಲ. ಆ ದಿಕ್ಕಲ್ಲಿ ಉಪಗ್ರಹವೇ ಇರಲಿಲ್ಲ, ಅಷ್ಟೇ. 1977ರಲ್ಲಿ ಗುಲ್ಬರ್ಗಾದಲ್ಲಿ ನೆಲದ ಮೇಲಿನ ಟಿವಿ ಟ್ರಾನ್ಸ್‌ಮಿಟರ್ ಬಂತು. ಆದ್ರೆ ಅದರ ವ್ಯಾಪ್ತಿಯ ಆಚೆಗಿದ್ದ ಹಳ್ಳಿಗಳಿಗೆ ಮತ್ತೆ ಕತ್ತಲೇ.

ಎರವಲು ಆಕಾಶದ ಪಾಠ ಇದು. ಮುಂದೆ ನಮ್ಮದೇ ಇನ್ಸಾಟ್ ಬಂತು. 1982ರ ಇನ್ಸಾಟ್-1ಎ ಕೆಲವೇ ತಿಂಗಳಲ್ಲಿ ಕೆಟ್ಟಿತು, 1983ರ ಇನ್ಸಾಟ್-1ಬಿ ನಿಂತಿತು. ಇವನ್ನ ನಿಯಂತ್ರಿಸೋಕೆ ಹಾಸನದಲ್ಲಿ ಕೇಂದ್ರ ಆಯ್ತು. 2004ರ ಡಿಸೆಂಬರಿನಲ್ಲಿ ದೂರದರ್ಶನ ತನ್ನ ಉಚಿತ ಡಿಟಿಎಚ್ ಶುರು ಮಾಡಿದಾಗಲೂ ಉಪಗ್ರಹ ವಿದೇಶದ್ದೇ ಇತ್ತು. ಈಗ ಅದು 2015ರಲ್ಲಿ ಹಾರಿಸಿದ ನಮ್ಮ ಜಿಸ್ಯಾಟ್-15ರಿಂದ ಬರ್ತದೆ. ಅದಿರೋದು 93.5 ಡಿಗ್ರಿ ಪೂರ್ವದಲ್ಲಿ.

ಹುಮನಾಬಾದಿಗೆ ನಾನು ಲೆಕ್ಕ ಹಾಕಿದೆ. ಫೋನಿನ ದಿಕ್ಸೂಚಿಯಲ್ಲಿ 136 ಡಿಗ್ರಿ, ನೆಲದಿಂದ ಮೇಲಕ್ಕೆ 62 ಡಿಗ್ರಿ. ಮೊದಲು ಕಂಬ ನೆಟ್ಟಗಿದೆಯಾ ಅಂತ ತೂಕದ ದಾರ ಬಿಟ್ಟು ನೋಡಿ. ಕಬ್ಬಿಣದ ಹತ್ತಿರ ದಿಕ್ಸೂಚಿ ಸುಳ್ಳು ಹೇಳುತ್ತೆ, ನಾಲ್ಕು ಹೆಜ್ಜೆ ದೂರ ನಿಂತು ದಿಕ್ಕು ಗುರುತಿಸಿ. ಡಿಶ್ ನೋಡೋಕೆ 62 ಡಿಗ್ರಿ ಎತ್ತಿದ ಹಾಗೆ ಕಾಣಲ್ಲ, ಗಾಬರಿ ಬೇಡ: ಈ ಡಿಶ್‌ಗಳು ಓರೆಯಾಗಿ ಬಂದ ಅಲೆಯನ್ನ ಹಿಡಿಯೋ ಹಾಗೆ ಮಾಡಿದವು. ಹಿಂದಿನ ಪಟ್ಟಿಯ ಮೇಲಿನ ಅಂಕಿ ನೋಡಿ ಕೂರಿಸಿ. ಆಮೇಲೆ ಎಡಕ್ಕೂ ಬಲಕ್ಕೂ ತೀರಾ ನಿಧಾನ ತಿರುಗಿಸಿ. ಇದು ಸೈಟ್ ಡಿಶ್ ಅಲ್ಲ. ಎರಡಡಿ ಡಿಶ್ಶಿನ ಅಂಚು ಒಂದು ಬೆರಳಗಲ ಸರಿದ್ರೂ ಚಿತ್ರ ಹೋಗುತ್ತೆ. ಟಿವಿಯಲ್ಲಿ ಸಿಗ್ನಲ್ 'ಸ್ಟ್ರೆಂತ್' ನಂಬಬೇಡಿ, ಬೇರೆ ಉಪಗ್ರಹ ಸಿಕ್ಕಿದ್ರೂ ಅದು ಏರುತ್ತೆ. 'ಕ್ವಾಲಿಟಿ' ಪಟ್ಟಿ ಏರಬೇಕು. ಕೆಳಗಿನಿಂದ 'ಬಂತು, ಬಂತು' ಅಂತ ಕೂಗಿದ ಮೇಲೂ ಒಂದೊಂದೇ ಬೋಲ್ಟ್ ಬಿಗಿ ಮಾಡ್ತಾ ಆ ಪಟ್ಟಿ ನೋಡ್ತಿರಿ.

ನಿಮ್ಮ ಕೆಲಸ ಅರ್ಧ ಗಂಟೆಯಲ್ಲಿ ಮುಗೀತು. ಆದ್ರೆ ಸೂರ್ಯ ಚಂದ್ರರ ಸೆಳೆತಕ್ಕೆ ಉಪಗ್ರಹ ಸರೀತಾನೇ ಇರುತ್ತೆ. ಅದನ್ನ ಮತ್ತೆ ಮತ್ತೆ ಜಾಗಕ್ಕೆ ತರೋದು ನೆಲದ ನಿಯಂತ್ರಣ ಕೇಂದ್ರದವರು. ತಿಂಗಳ ಚಂದಾ ಕಟ್ಟೋಕಾಗದ ಮನೆಯಲ್ಲಿ ಸಂಜೆ ಚಂದನ ಬರ್ತಿದೆ ಅಂದ್ರೆ, ಈ ಎರಡೂ ಕೈ ಸೇರಿವೆ. 1976ರಲ್ಲಿ ಹಳ್ಳಿಯ ಕೈ ಇತ್ತು, ಮೇಲಿನದು ನಮ್ಮದಾಗಿರಲಿಲ್ಲ.

ಮಾಳಿಗೆ ಹತ್ತೋ ಮೊದಲು ಕರೆಂಟ್ ತಂತಿ ಎಲ್ಲಿದೆ ನೋಡ್ಕೊಳ್ಳಿ. ಸಿಗೋಣ.