ಹದಿನಾಲ್ಕು ವರ್ಷದ ಮೇಲಿನ ಮುಂದುವರಿಕೆ

ಅತಿಮಾನುಷ ಶಕ್ತಿಯುಳ್ಳ ಒಂದು ಕುಟುಂಬದ ಕಥೆಯಾದ ‘ದಿ ಇನ್‌ಕ್ರೆಡಿಬಲ್ಸ್’ ಆನಿಮೇಷನ್ ಚಿತ್ರವನ್ನು ಅಮೆರಿಕದ ಪಿಕ್ಸಾರ್ ಸಂಸ್ಥೆ 2004ರಲ್ಲಿ ಹೊರತಂದಿತು. ಎರಡನೆಯ ಭಾಗ ಬಂದದ್ದು 2018ರಲ್ಲಿ. ಎರಡಕ್ಕೂ ಬ್ರಾಡ್ ಬರ್ಡ್ ಅವರೇ ನಿರ್ದೇಶಕರು. ಆದರೆ ನೀವು ನೋಡುವ ಕಥೆ ಮೊದಲನೆಯದು ನಿಂತ ಗಳಿಗೆಯಿಂದಲೇ ಸಾಗುತ್ತದೆ. ಮಕ್ಕಳಿಗೆ ಒಂದು ದಿನವೂ ವಯಸ್ಸಾಗಿಲ್ಲ!

ಬದಲಾದದ್ದು ಮನೆಯ ವ್ಯವಸ್ಥೆ. ಮೊದಲು, ತಂದೆ ಬಾಬ್ ಕೆಲಸ ಹೋದದ್ದನ್ನು ಹೆಂಡತಿಗೆ ಮುಚ್ಚಿಟ್ಟು ಗುಟ್ಟಾಗಿ ಸಾಹಸಕ್ಕೆ ಹೊರಡುತ್ತಾನೆ. ಅವನನ್ನು ಹುಡುಕಿ ಬಂದ ತಾಯಿಮಕ್ಕಳ ವಿಮಾನದ ಮೇಲೆ ಕ್ಷಿಪಣಿಗಳು ಎರಗುವಾಗ ನಿಮ್ಮ ಉಸಿರೂ ಬಿಗಿಹಿಡಿಯುತ್ತದೆ. ಎರಡನೆಯದರಲ್ಲಿ ಹೆಲೆನ್ ಗಂಡನಿಗೆ ಹೇಳಿಯೇ ಹೋಗುತ್ತಾಳೆ. ಬಾಬ್ ಮಗನಿಗೆ ಹೊಸ ಗಣಿತ ಹೇಳಿಕೊಡಲು ನಿದ್ದೆಗೆಡುತ್ತಾನೆ. ನಗು ಇಲ್ಲಿಯೇ ಹೆಚ್ಚು (ಕೂಸಿನ ಹಾವಳಿಯನ್ನಂತೂ ಕೇಳಬೇಡಿ). ಪರದೆಗಳ ಮೂಲಕ ಜನರನ್ನು ಮರುಳುಗೊಳಿಸುವ ಖಳನಾಯಕಿಯನ್ನು ಮಾತ್ರ ನೀವು ಬೇಗನೆ ಗುರುತಿಸಿಬಿಡುತ್ತೀರಿ. ಬಾಬನ ಆ ಒಂದು ಸುಳ್ಳು ಹುಟ್ಟಿಸಿದ ಭಯ ಅವಳಿಂದ ಹುಟ್ಟುವುದಿಲ್ಲ.